ಖಾಯಂ ವಿಳಾಸ

ಕೋದಾಲಮಾರಿ ಚರ್ ಎಂದರೆ ಊರಲ್ಲ,
ಬ್ರಹ್ಮಪುತ್ರ ಬಾಯಲ್ಲಿಟ್ಟುಕೊಂಡು ಇನ್ನೂ ನುಂಗದ ಮರಳು.
ಮೇಲೆ ಮುನ್ನೂರು ತಗಡಿನ ಮನೆ, ಒಂದಿಷ್ಟು ನವಣೆ, ಮೆಣಸಿನಕಾಯಿ,
ಒಂದು ಶಾಲೆ, ಅರ್ಧ ಮಸೀದಿ.

ಅಲ್ಲಿಂದ ಜೊಬೇದಾ ಬೆಳಗಿನ ದೋಣಿಗೆ ಬಂದಳು.
ಕಂಕುಳಲ್ಲಿ ಎಂಟು ತಿಂಗಳ ಮಗ,
ಸೆರಗಿನ ಗಂಟಿನಲ್ಲಿ ಐವತ್ತು ಟಾಕಾ,
ಪ್ಲಾಸ್ಟಿಕ್ ಚೀಲದೊಳಗೆ ಚುಚ್ಚುಮದ್ದಿನ ಕಾರ್ಡು.

ನಾನು ಯೂನಿಯನ್ ಪರಿಷತ್ತಿನ ಗುಮಾಸ್ತ, ತೊಫಜ್ಜಲ್.
ಕೆಟ್ಟವನಲ್ಲ. ಕೇಳಬೇಕಾದ್ದನ್ನು ಕೇಳಿದೆ.
ಹೆಸರು? ನಯನ್.
ತಂದೆ? ಢಾಕಾ ಕಡೆ, ಇಟ್ಟಿಗೆ ಭಟ್ಟಿಯಲ್ಲಿ.
ಖಾಯಂ ವಿಳಾಸ?
ಅವಳು ಕಿಟಕಿಯಾಚೆ ಹೊಳೆ ನೋಡಿದಳು.
“ಯಾವ ವರ್ಷದ್ದು ಬರೀತೀರಿ?”

ತಾನು ಹುಟ್ಟಿದ್ದು, ಈಗ ದೋಣಿ ತಿರುಗಿಸುತ್ತಾರಲ್ಲ, ಆ ಸುಳಿಯಲ್ಲಿ.
ಮದುವೆಯಾದದ್ದು ಅದಕ್ಕೂ ಆಚೆ; ಈಗಲ್ಲಿ ಒಳ್ಳೆ ಮೀನು.
ಮೊದಲ ಮಗಳನ್ನು ಮಣ್ಣು ಮಾಡಿದ್ದು...
ಅಷ್ಟಕ್ಕೆ ನಿಲ್ಲಿಸಿ ಮಗುವಿನ ಟೋಪಿ ಸರಿಮಾಡಿದಳು.
ಮನೆ ಬಿಚ್ಚಿ ಕಟ್ಟಿದ್ದು ಹನ್ನೊಂದು ಸಲ.
ತಗಡಿನ ತುಂಬ ಹಳೆ ಮೊಳೆಯ ತೂತು,
ರಾತ್ರಿ ಒಳಗೇ ನಕ್ಷತ್ರ.

ಕಂಪ್ಯೂಟರಿಗೆ ನಕ್ಷತ್ರ ಬೇಡ.
ಚೌಕ ತುಂಬದೆ ಮುಂದಿನ ಪುಟ ತೆರೆಯದು.
ಜಮೀನಿನ ಕಾಗದ ಇದೆಯೇ, ಎಂದೆ.
ತಂದಿದ್ದಳು! ಅಜ್ಜನ ಕಾಲದ್ದು, ಮೊಹರು ಸಮೇತ,
ವರ್ಷ ವರ್ಷದ ಕಂದಾಯದ ರಸೀದಿ ಸಮೇತ.
ನೀರಿಗೆ ಕಂದಾಯ ಕಟ್ಟಿಕೊಂಡು ಬಂದಿದ್ದರು,
ನೆಲ ಎಂದಾದರೂ ಎದ್ದು ಬಂದೀತೆಂದು.

ನಾಳೆ ಬಾ, ಎಂದೆ.
ನಾಳೆ ಎನ್ನುವುದು ನಮ್ಮ ಕಚೇರಿಯ ಖಾಯಂ ವಿಳಾಸ.

ಅದೇ ವಾರ ರಾಜಧಾನಿಯಿಂದ ಮೂವರು ಬಂದರು,
ಬಿಳಿ ಜೀಪು, ಬಿಸಿಲು ಟೋಪಿ.
ಗೋಡೆಯ ಮೇಲೆ ಒಂದು ಗೆರೆ ತೋರಿಸಿದರು, ಏರುತ್ತಾ ಹೋಗುವ ಗೆರೆ:
ಬಾಣಂತಿಯರು ಬದುಕುತ್ತಿದ್ದಾರೆ, ಕೂಸುಗಳು ಉಳಿಯುತ್ತಿವೆ.
ಸುಳ್ಳಲ್ಲ. ಹೊಸ್ನೆ ಆರಾ ಇಪ್ಪತ್ತು ವರ್ಷ
ಲಸಿಕೆಯ ಪೆಟ್ಟಿಗೆ ತಲೆ ಮೇಲಿಟ್ಟು ಸೊಂಟದ ನೀರಲ್ಲಿ ನಡೆದಿದ್ದಾಳೆ,
ಕಾಲಿನ ನಂಜು ಇನ್ನೂ ಮಾದಿಲ್ಲ.
ಹಿಂದಿನ ಬೆಂಚಿನಿಂದ ಅವಳೇ ಕೇಳಿದ್ದು:
“ಹುಟ್ಟಿದ್ದೇ ದಾಖಲಾಗದವನು
ಉಳಿದದ್ದು ನಿಮ್ಮ ಲೆಕ್ಕಕ್ಕೆ ಹೇಗೆ ಸಿಕ್ಕಿತು?”
ಅವರು ಬರೆದುಕೊಂಡರು. ಚಹಾ ಕುಡಿದರು.

ಆಷಾಢದ ಕೊನೆಗೆ ಹೊಳೆ ಮಗ್ಗುಲು ಬದಲಿಸಿತು.
ಚರ್ ಬಿಟ್ಟು ದಡಕ್ಕೇ ಬಾಯಿ ಹಾಕಿತು.
ಮೊದಲು ಪರಿಷತ್ತಿನ ಹಿಂಗೋಡೆ, ಆಮೇಲೆ ಬಾವುಟದ ಕಂಬ,
ಆಮೇಲೆ ಅಧ್ಯಕ್ಷರ ಕುರ್ಚಿ, ಸ್ವಲ್ಪ ಹೊತ್ತು ತೇಲಿ.

ಪಟ್ಟಣಕ್ಕೆ ಫೋನು ಮಾಡಿದೆವು. ಮಾಡುತ್ತಲೇ ಇದ್ದೆವು.
ಬಂದವರು ಚರ್‌ನವರು, ಒಂಬತ್ತು ದೋಣಿ.
ತಗಡು ಬಿಚ್ಚುವುದು ಅವರಿಗೆ ಬಳ್ಳಿಯಿಂದ ಸೋರೆ ಕೊಯ್ದ ಹಾಗೆ.
ಒಂದು ಮೊಳೆಯೂ ಬಗ್ಗದಂತೆ ಕಿತ್ತು ಹಾಲಿನ ಡಬ್ಬಿಗೆ ತುಂಬಿದರು.
ಜನನ ಮರಣದ ರಿಜಿಸ್ಟರುಗಳು
ಜೊಬೇದಾಳ ತಲೆಯ ಮೇಲೆ ಹೊಳೆ ದಾಟಿದವು.

ಈಗ ಸರಕಾರ ಇರುವುದು ಶಾಲೆಯ ಎರಡನೇ ಕೋಣೆಯಲ್ಲಿ,
ಮಗ್ಗಿಯ ಗದ್ದಲದ ಪಕ್ಕ.
ಮೇಲಿನವರಿಂದ ನಮೂನೆ ಬಂದಿದೆ:
ಕಚೇರಿಯ ಖಾಯಂ ವಿಳಾಸ ತಿಳಿಸಿ.
ಜೊಬೇದಾಳಿಗೆ ತೋರಿಸಿದೆ. ನಗಲಿಲ್ಲ.
“ಪೆನ್ಸಿಲಿನಲ್ಲಿ ಬರೀರಿ,” ಅಂದಳು.

ನಯನ್ ಈಗ ನಿಲ್ಲುತ್ತಾನೆ, ರಿಜಿಸ್ಟರಿನ ಕಟ್ಟು ಹಿಡಿದು.
ಅವನ ಚೌಕ ಇನ್ನೂ ಖಾಲಿ.
ಸಿಗ್ನಲ್ ಸಿಗುವುದು ಮರಳದಿಬ್ಬದ ತುದಿಯಲ್ಲಿ,
ಅದೂ ಸಂಜೆ ಆರರ ಮೇಲೆ.
ಟಾರ್ಚು ತಗೊಂಡು ಹೊರಡಬೇಕು.