ಗುಂಡಿ ತೋಡುವವರು

ಇದಕ್ಕೆ ಕನ್ನಡದಲ್ಲಿ ಹೆಸರಿಲ್ಲ.
ಹೆಗ್ಗಣ ಅಂದರೆ ತಪ್ಪು, ಸೊಂಡಿಲಿ ಅಂದರೂ ತಪ್ಪು.
ಮೋಲ್ ಎಂದು ಪುಸ್ತಕದಲ್ಲಿ ಓದಿದ್ದೇವೆ.
ಪೋಲೆಂಡಿನವರು ಕ್ರೆತ್ ಅನ್ನುತ್ತಾರೆ,
ಸಲಿಕೆ ಮಣ್ಣಿಗೆ ತಾಗಿದಾಗ ಬರುವಂಥದೇ ಸದ್ದು.

ನಾರೆವ್ ನದಿಯ ದಂಡೆಯ ಊರೊಂದರಲ್ಲಿ
ಗೋರಿ ತೋಡುವ ಜೆನೋನನ ಹಿತ್ತಲಿಗೆ
ಏಪ್ರಿಲ್ ತಿಂಗಳ ಒಂದು ಬೆಳಗ್ಗೆ
ಹನ್ನೊಂದು ಗುಡ್ಡೆ ಮಣ್ಣು ಬಂದು ಕೂತಿತ್ತು
ಹೇಳದೆ ಕೇಳದೆ, ಬೀಗರ ಹಾಗೆ.

"ಊರಿಗೆಲ್ಲ ಗುಂಡಿ ತೋಡುವವನ ಮನೆಗೇ
ಗುಂಡಿ ತೋಡುವವ ಬಂದನಲ್ಲ!"
ಬ್ರೋನ್ಕಾ ನಕ್ಕಳು. ಮೂಲಂಗಿ ಸಾಲು ನೋಡಿದ ಮೇಲೆ
ನಗು ನಿಲ್ಲಿಸಿದಳು.
ಸಸಿಗಳೆಲ್ಲ ಮೇಲೆದ್ದು, ಬೇರು ಗಾಳಿಯಲ್ಲಿ,
ನೆಂಟರ ಮನೆಯ ಕುರ್ಚಿಯಲ್ಲಿ
ಕಾಲು ನೆಲಕ್ಕೆಟುಕದ ಮಕ್ಕಳು.

ಬಿಟ್ಟಿ ಸಲಹೆಗೆ ಬೇಲಿಯೇ ಬಾಗಿಲು.
ಪಕ್ಕದ ವಂದಾ: ಹೆರಿಂಗ್ ಮೀನಿನ ತಲೆ ಹೂಳು.
ಹೂತ. ಊರ ಬೆಕ್ಕುಗಳೆಲ್ಲ ಬಂದು ಕೆದಕಿದವು,
ಗುಡ್ಡೆಗಳ ನಡುವೆ ಈಗ ಗುಂಡಿಗಳೂ.
ಅಂಚೆಯವ: ಸರಳಿಗೆ ಪ್ಲಾಸ್ಟಿಕ್ ಬಾಟಲಿ ಸಿಕ್ಕಿಸಿ ನೆಡು,
ಗಾಳಿಗೆ ಗಡಗಡ ಅಂದರೆ ಓಡಿಹೋಗುತ್ತದೆ.
ಹದಿನಾಲ್ಕು ಬಾಟಲಿ ರಾತ್ರಿಯಿಡೀ ಗಡಗಡಿಸಿ
ಬ್ರೋನ್ಕಾ ದಿಂಬು ಹಿಡಿದು ಅಕ್ಕನ ಮನೆಗೆ ಓಡಿದಳು.
ಕ್ರೆತ್ ಓಡಲಿಲ್ಲ.
ಬೆಳ್ಳುಳ್ಳಿ, ಸೀಮೆಎಣ್ಣೆಯ ಚಿಂದಿ, ನಾಯಿಯ ಕೂದಲು,
ಕೊನೆಗೆ ಚೀಲದಲ್ಲಿ ಸುತ್ತಿ ಹೂತ ರೇಡಿಯೋ:
ನೆಲದಡಿಯಿಂದ ಮೂರು ದಿನ ಹವಾಮಾನ ವರದಿ,
ನಾಳೆ ಮೋಡ, ಮಧ್ಯಾಹ್ನದ ಮೇಲೆ ತುಂತುರು ಅಂತ,
ಆಕಾಶವನ್ನೇ ಬೇಡವೆಂದವನಿಗೆ.

ಆಮೇಲೆ ಜೆನೋನ್ ತನ್ನ ಕಸುಬಿನ ಕಣ್ಣಿಂದ ನೋಡಿದ.
ಮಂಡಿಯೂರಿದ. ಕಡ್ಡಿ ಚುಚ್ಚಿ ಸುರಂಗ ಹುಡುಕಿದ.
ಗೋಡೆ ನುಣುಪು, ಬಾಗು ಹದ,
ಕಲ್ಲು ಬಂದಲ್ಲಿ ಜಗಳವಿಲ್ಲದ ಸುತ್ತು.
ಮೂವತ್ತೊಂದು ವರ್ಷ ತೋಡಿದವನು ಗೊಣಗಿದ:
"ಕೆಲಸ ಬಲ್ಲ, ಕಳ್ಳ."
ಅಲ್ಲೇ ಕೊಳವೆಯ ಬೋನಿಟ್ಟ.

ಗುರುವಾರ ಬೋನು ಭಾರವಾಗಿತ್ತು.
ಕೈಗವುಸು ತೆಗೆದು ಅಂಗೈಯಲ್ಲಿ ಹಿಡಿದ
ಒಂದು ಹಿಡಿ ಕತ್ತಲು. ಹಿಂದಕ್ಕೆ ಸವರಿದರೂ
ಮುಂದಕ್ಕೆ ಸವರಿದರೂ ಒಪ್ಪುವ ಮಖಮಲ್ಲು.
ಕಣ್ಣೆಲ್ಲಿ? ರೋಮದೊಳಗೆ ಎರಡು ಸಾಸಿವೆ.
ಆದರೆ ಆ ಕೈಗಳು!
ಗುಲಾಬಿ ಬಣ್ಣ, ಅಗಲ, ಹೊರಕ್ಕೆ ತಿರುಗಿದ ಜೋಡಿ ಸಲಿಕೆ,
ಉಗುರ ತುಂಬ ಮಣ್ಣು.
ಜೆನೋನ್ ತನ್ನ ಉಗುರು ನೋಡಿಕೊಂಡ.

"ಒಂದೇಟು ಹಾಕು," ಕಿಟಕಿಯಿಂದ ಬ್ರೋನ್ಕಾ,
ದನಿಯಲ್ಲಿ ಅರ್ಧ ಮನಸ್ಸು.
ಅವನು ಬಕೆಟ್ಟಿಗೆ ಹುಲ್ಲು ಹಾಸಿ ಸೈಕಲ್ಲಿಗೆ ತೂಗುಹಾಕಿ
ಹೊರಟೇಬಿಟ್ಟ, ತನಗೆ ಗೊತ್ತಿದ್ದ
ಇನ್ನೊಂದು ಮೆತ್ತನೆಯ ನೆಲಕ್ಕೆ.

ನವೆಂಬರ್ ಒಂದು. ಸಕಲ ಸಂತರ ದಿನ.
ಊರೇ ದೀಪ ಹಿಡಿದು, ಸೇವಂತಿಗೆ ಹಿಡಿದು ಸ್ಮಶಾನದಲ್ಲಿ.
ಹಳೆಯ ಹೆಡ್ಮಾಸ್ಟರ ಗೋರಿಯ ಬದಿಗೆ
ತಾಜಾ ಗುಡ್ಡೆ, ಅದರ ಮೇಲೆ ವಾಲಿದ ದೀಪ.
"ಇದೇನು ಜೆನೋನ್?" ಪಾದ್ರಿಯ ಹುಬ್ಬು ಗಂಟು.
ಟೋಪಿ ತೆಗೆದು ತಲೆ ಕೆರೆದ:
"ಕೆಳಗಿನವರು ಯಾರೂ ದೂರು ಕೊಟ್ಟಿಲ್ಲ, ಫಾದರ್."
ಹೆಡ್ಮಾಸ್ಟರ ಹೆಂಡತಿ ಬಗ್ಗಿ ದೀಪ ನೆಟ್ಟಗೆ ಮಾಡಿದಳು.
"ಇವರಿಗೆ ಮೊದಲಿಂದಲೂ ನಿದ್ದೆ ಕಮ್ಮಿ," ಅಂದಳು,
ಗುಡ್ಡೆಗೂ ಒಂದು ಹೂವಿಟ್ಟಳು.

ಸಂಜೆ ಮನೆಗೆ ಬಂದರೆ
ಹಿತ್ತಲಲ್ಲಿ ಮತ್ತೊಂದು ಗುಡ್ಡೆ, ಬೇರೆ ಯಾರದೋ.
ಬ್ರೋನ್ಕಾ ತಗಡಿನ ಡಬ್ಬಕ್ಕೆ ಮಣ್ಣು ತುಂಬುತ್ತಿದ್ದಾಳೆ,
ಜರಡಿ ಹಿಡಿದಷ್ಟು ನಯ, ಒಂದು ಹರಳಿಲ್ಲ.
"ಟೊಮೇಟೊ ಬೀಜಕ್ಕೆ," ತಲೆಯೆತ್ತದೆ ಅಂದಳು.
"ಬೋನು ಎಲ್ಲಿ?"
"ಹುಡುಕಬೇಕು," ಅಂದ ಅವನು,
ಇನ್ನೊಂದು ಡಬ್ಬ ತರಲು ಒಳಗೆ ಹೋದ.