ಹಾಫ್ ಕ್ಲಚ್

ಹನ್ನೊಂದು ವರ್ಷದಿಂದ ಮಂಡ್ಯದಲ್ಲಿ
ನಾನು ಎಡಗಾಲಿಗೆ ಪಾಠ ಹೇಳುತ್ತಿದ್ದೇನೆ.
ಒತ್ತು, ಬಿಡು, ಪೂರ್ತಿ ಬಿಡಬೇಡ,
ಗಾಡಿ ಸಣ್ಣಗೆ ನಡುಗುತ್ತದಲ್ಲ, ಅಲ್ಲೇ ಹಿಡಿ.
ಅಂಡರ್‌ಪಾಸಿನ ಏರಿನಲ್ಲಿ
ಬೆನ್ನಿಗೆ ಕಬ್ಬಿನ ಟ್ರ್ಯಾಕ್ಟರು ಹಾರನ್ನು ಬಡಿಯುವಾಗ
ಹಿಂದಕ್ಕೆ ಜಾರದೆ ಮುಂದಕ್ಕೆ ನೆಗೆಯದೆ
ನಿಲ್ಲುವ ಆ ಬೆರಳಗಲ ಜಾಗ,
ಅದನ್ನು ತೋರಿಸಿಯೇ ಮಗಳ ಫೀಸು ಕಟ್ಟಿದ್ದು.

ಶೋರೂಮಿನ ಲಿಖಿತ್ ಹೇಳಿದ:
‘ಮೇಡಂ, ಇದರಲ್ಲಿ ಕ್ಲಚ್ಚೇ ಇಲ್ಲ.’
ಹೆರಿಗೆ ಸುಸೂತ್ರವಾಯಿತು ಎನ್ನುವ ದನಿ.

ಯಾರದೋ ನಾಮಕರಣದ ಕಾರ್ಡಿನ ಹಿಂದೆ ಲೆಕ್ಕ ಹಾಕಿದೆ.
ಎಡಗಡೆ, ಉಳಿಯುವ ಡೀಸೆಲ್: ಒಂಬತ್ತು ಸಾವಿರ.
ಬಲಗಡೆ, ಕಂತು: ಹದಿನೇಳೂವರೆ.
ಅದರ ಕೆಳಗೆ ಇನ್ಶೂರೆನ್ಸು, ಗೋಡೆಗೆ ಬಡಿಯುವ ಪೆಟ್ಟಿಗೆ.
ಜಾಗ ಮುಗಿದು ಕಾರ್ಡು ತಿರುವಿ
ಮಗುವಿನ ಹೆಸರಿನ ಪಕ್ಕ ಬರೆದೆ:
ಎಂಟು ವರ್ಷದ ಮೇಲೆ ಬ್ಯಾಟರಿ?
‘ಎಂಟು ವರ್ಷ ಯಾರು ಕಂಡೋರು ಮೇಡಂ.’
ಬ್ಯಾಂಕು ಕಂಡಿದೆ ಕಣಪ್ಪ,
ಏಳನೇ ವರ್ಷದ ಕೊನೇ ತಾರೀಖಿನವರೆಗೂ.

ಪಕ್ಕದ ಸೀಟಿನ ಕಾಲಡಿ ನನಗೊಂದು ಬ್ರೇಕು ಬೇಕು.
ಮೇಸ್ತ್ರಿ ಜವರಪ್ಪ ಬಾನೆಟ್ ಎತ್ತಿ
ಕಿತ್ತಳೆ ಬಣ್ಣದ ಕೇಬಲ್ಲಿಗೆ ಕೈಮುಗಿದ.
‘ಮುಟ್ಟಕ್ಕಿಲ್ಲ ಕಣವ್ವ.
ವಾರಂಟಿ ಹೋದ್ರೆ ನಿಂದು, ಪ್ರಾಣ ಹೋದ್ರೆ ನಂದು.’

ಗುತ್ತಲಿನ ಮನೆ ನನ್ನದಲ್ಲ, ಬಾಡಿಗೆ.
ಮಾಲೀಕರು ಶಿವಮಾದಯ್ಯ ಮೀಟರಿನ ಮುಂದೆ ನಿಂತು ಕೇಳಿದರು,
‘ಇದು ಎಷ್ಟು ಫ್ರಿಜ್ಜಿಗೆ ಸಮ?’
ಗೊತ್ತಿರಲಿಲ್ಲ. ಹತ್ತಿರಬಹುದು ಅಂದೆ.
ಹತ್ತು ಫ್ರಿಜ್ಜುಗಳನ್ನು ಅವರು ಒಂದೊಂದಾಗಿ
ತಮ್ಮ ಪೋರ್ಟಿಕೋದಲ್ಲಿ ಕಣ್ಣಲ್ಲೇ ಇಳಿಸಿಕೊಂಡರು.
‘ಹಬ್ಬ ಕಳೀಲಿ, ನೋಡಾಣ.’
ಯಾವ ಹಬ್ಬ ಅಂತ ಹೇಳಲಿಲ್ಲ.

ಒಂದು ದಿನಕ್ಕೆಂದು ಕಾರು ಕೊಟ್ಟಿದ್ದರು.
ಹೆದ್ದಾರಿ ಹೋಟೆಲಿನ ಚಾರ್ಜರಿನ ಹತ್ತಿರ
ಮುಂದಿನ ಗಾಡಿಯ ಗಂಡ ಹೆಂಡತಿ
ಜಗಳವಾಡಿ, ರಾಜಿಯಾಗಿ, ಮತ್ತೆ ಶುರುಮಾಡುವಷ್ಟು ಹೊತ್ತು ಕಾದೆ.
ನನ್ನ ಸರದಿಗೆ ಯಂತ್ರ ಬೇರೊಂದು ಆ್ಯಪು ಕೇಳಿತು.

ಸಂಜೆ ಅದೇ ಏರಿಗೆ ಪದ್ಮಾವತಿಯವರನ್ನು ಕರೆದೊಯ್ದೆ.
ಅಂಗನವಾಡಿ ಟೀಚರು, ಐವತ್ತನಾಲ್ಕು,
ಟೆಸ್ಟಿನಲ್ಲಿ ಮೂರು ಸಲ ಫೇಲು, ಮೂರೂ ಸಲ ಹಿಂದಕ್ಕೆ ಜಾರಿಯೇ.
ಹಿಂದೆ ಟ್ರ್ಯಾಕ್ಟರು. ನಡುವೆ ನಿಂತರು.
ಕಾರು ಕದಲಲಿಲ್ಲ.
ಆಮೇಲೆ ಬಾವಿಯಿಂದ ಕೊಡ ಮೇಲೆ ಬಂದ ಹಾಗೆ
ಸುಮ್ಮನೆ ಏರಿ ಹೋಯಿತು.
‘ಇಷ್ಟೇನಾ ಮಿಸ್?’
ಅವರ ಕಣ್ಣಲ್ಲಿ ನೀರಿತ್ತು. ಸಿಟ್ಟಿನದೂ ಇರಬಹುದು.
ನಾನು ಕೆಳಗೆ ನೋಡಿದೆ.
ನನ್ನ ಎಡಗಾಲು ಖಾಲಿ ಮ್ಯಾಟನ್ನು
ಗಟ್ಟಿಯಾಗಿ ಒತ್ತಿ ಹಿಡಿದಿತ್ತು.

ಕಾರು ವಾಪಸು ಕೊಟ್ಟೆ.
ಇವತ್ತು ಬೆಳಿಗ್ಗೆ ನನ್ನ ಹಳೇ ಗಾಡಿ
ಏರಿನಲ್ಲಿ ಸುಟ್ಟ ವಾಸನೆ ಬಿಟ್ಟಿತು.
ಪ್ಲೇಟು ಸವೆದಿದೆ, ಹನ್ನೆರಡು ಸಾವಿರ ಅಂದ ಜವರಪ್ಪ.
ಡ್ಯಾಶ್‌ಬೋರ್ಡಿನಿಂದ ಕಾರ್ಡು ತೆಗೆದು
ಅದನ್ನೂ ಬರೆದೆ, ಒತ್ತಿ ಜಾಗ ಮಾಡಿಕೊಂಡು,
ಈ ಸಲ ಎಡಗಡೆ.