ಮಂಜಿನಲ್ಲಿ ಕುಣಿಕೆ

ಮೂವತ್ತಾರು ಕಾಡ್ ಮೀನು ತೂಗಿದ್ದೆ, ಬೆರಳು ಮರಗಟ್ಟಿ.
ಸರಾಸರಿ ನಾಲ್ಕು ಕಿಲೋ, ಅತ್ತಿತ್ತ ಅರ್ಧ.
ಐಸ್‌ಲ್ಯಾಂಡಿನ ಈ ಪುಟ್ಟ ಧಕ್ಕೆಯಲ್ಲಿ
ಹಾಲ್‌ಗ್ರಿಮುರ್ ಅಜ್ಜ ನಶ್ಯ ಏರಿಸುತ್ತ ಕೇಳಿದ:
"ಹಾಗಾದರೆ ಕೊಲ್ಲಿಯ ಮೀನಿನ ನಿಜ ಸರಾಸರಿ
ಮೂರೂವರೆ ನಾಲ್ಕೂವರೆಯ ನಡುವೆ
ಇರುವ ಸಂಭವ ನೂರಕ್ಕೆ ತೊಂಬತ್ತೈದು, ಅಲ್ಲವೆ?"

ಅಲ್ಲ ಎನ್ನಲು ಬಾಯಿ ತೆರೆದೆ.
ಪುಸ್ತಕದ ಸಾಲು ಉಪ್ಪುಗಾಳಿಗೆ ನಾಲಗೆಯಲ್ಲೇ ಒಣಗಿತು.

ಅಷ್ಟರಲ್ಲಿ ದೋಣಿಯೊಂದು ಬಂತು. ದಟ್ಟ ಮಂಜು.
ಅವನ ಮೊಮ್ಮಗಳು ಥೋರ್ಡಿಸ್ ಹಗ್ಗದ ಕುಣಿಕೆ ಬೀಸಿದಳು
ಕಾಣದ ಗೂಟದ ಕಡೆಗೆ.

ಅದೋ ನೋಡಜ್ಜ, ಗೂಟ ನೆಟ್ಟಲ್ಲೇ ಇದೆ,
ಅಲೆಯುವುದು ಕುಣಿಕೆ.
ನೂರು ಸಲ ಎಸೆದರೆ ತೊಂಬತ್ತೈದು ಸಲ
ಗೂಟಕ್ಕೇ ಬೀಳುವಷ್ಟು ಪಳಗಿದ ಕೈ.
ಈ ಒಂದು ಎಸೆತ ಮಾತ್ರ
ಸಿಕ್ಕಿತು, ಇಲ್ಲವೇ ತಪ್ಪಿತು. ಅಷ್ಟೆ.
ಆ ತೊಂಬತ್ತೈದು ಕೈಯದು, ಗೂಟದ್ದಲ್ಲ.

"ನಿನ್ನ ಕುಣಿಕೆ ತೀರ ದೊಡ್ಡದಾಯಿತಲ್ಲ!"
ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಮೀನು ಬೇಕು,
ನೂರನಲವತ್ತನಾಲ್ಕು.

ಅಜ್ಜ ಸೀನಿದ, ಕಣ್ಣೊರೆಸಿಕೊಂಡ.
"ಅವಳು ಹಗ್ಗ ಜಗ್ಗಿ ನೋಡುತ್ತಾಳೆ.
ನೀನು?"

ನನ್ನ ಹಗ್ಗದ ಆ ತುದಿ ನೀರೊಳಗಿದೆ.
ಮೂವತ್ತೇಳನೆಯದನ್ನು ತಕ್ಕಡಿಗೆ ಎತ್ತಿದೆ.